ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ವಲಸೆ ಚರಿತ್ರೆ: ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಪ್ರಶ್ನೆ: ನಾವು ಫ್ರೀಮಾಂಟ್‌ನಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವ ಪೋಷಕರು. ಈ ಸಲ ಏಳರಿಂದ ಹತ್ತನೇ ತರಗತಿಯ ಮಕ್ಕಳನ್ನು ಎರಡು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಈ ಕೊಲ್ಲಿಯ ಸುತ್ತ ಎಷ್ಟೊಂದು ದೇಶದ ಜನ ಬಂದು ನೆಲೆಸಿದ್ದಾರೆ, ಅದರ ಚರಿತ್ರೆ ಮಕ್ಕಳಿಗೆ ತಿಳಿಯಲಿ ಅಂತ ಆಸೆ. ಚೈನಾಟೌನ್, ಜಪಾನ್‌ಟೌನ್, ಮಿಷನ್ ಬಡಾವಣೆ, ನಾರ್ತ್ ಬೀಚ್, ಏಂಜಲ್ ಐಲೆಂಡ್, ಗದರ್ ಸ್ಮಾರಕ, ಗೋಲ್ಡನ್ ಗೇಟ್, ಅಲ್ಕಟ್ರಾಜ್ ಎಲ್ಲಾ ಪಟ್ಟಿಯಲ್ಲಿವೆ. ಸುಮ್ನೆ ತಿಂಡಿ ತಿಂದು ಫೋಟೊ ತೆಗೆಸಿಕೊಂಡು ಬರುವ ಪ್ರವಾಸ ಆಗಬಾರದು. ಹೇಗೆ ಮಾಡಬೇಕು? ಭಾರತೀಯರ ಕಥೆ ಎಲ್ಲಿ ಬರುತ್ತದೆ? ನೋವಿನ ಸಂಗತಿಗಳನ್ನು ಈ ವಯಸ್ಸಿನವರಿಗೆ ಹೇಳಬಹುದೇ?

ಉತ್ತರ: ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗಗಳನ್ನು ಮೊದಲು ಬಿಟ್ಟುಬಿಡಿ. ಎರಡು ದಿನದಲ್ಲಿ ಎಂಟು ಕಡೆ ಓಡಾಡಿದರೆ ಮಕ್ಕಳಿಗೆ ಬಸ್ಸು, ಊಟ ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಮೊದಲ ದಿನ ಪೂರ್ತಿ ಏಂಜಲ್ ಐಲೆಂಡ್, ಕೊಲ್ಲಿಯೊಳಗಿನ ಹಳೆಯ ವಲಸೆ ಠಾಣೆಯ ದ್ವೀಪ. ಎರಡನೇ ದಿನ ಬೆಳಿಗ್ಗೆ ಚೈನಾಟೌನ್, ಮಧ್ಯಾಹ್ನ ಸ್ಯಾನ್ ಬ್ರೂನೊ, ಮನೆಗೆ ಮರಳುವಾಗ ಬರ್ಕ್ಲಿ. ಇಷ್ಟು ಸಾಕು.

ಈ ನಾಲ್ಕೇ ಏಕೆ ಅಂದರೆ, ವೈವಿಧ್ಯ ಅನ್ನುವುದು ಬೀದಿಯಲ್ಲಿ ಕಣ್ಣಿಗೆ ಕಾಣುತ್ತದೆ. ಬಾವುಟ, ದೇವಸ್ಥಾನ, ತಿಂಡಿ, ಅಂಗಡಿ ಬೋರ್ಡು. ಅದನ್ನು ತೋರಿಸುವುದಕ್ಕೆ ಮೇಷ್ಟ್ರು ಬೇಕಾಗಿಲ್ಲ. ಆ ಜನ ಅಲ್ಲಿಗೆ ಬಂದದ್ದು ಯಾವ ಕೆಲಸಕ್ಕೆ, ಬಾಗಿಲಲ್ಲಿ ಅವರನ್ನು ತಡೆದ ಕಾನೂನು ಯಾವುದು, ತಡೆದ ಮೇಲೂ ಅವರು ಉಳಿದುಕೊಂಡದ್ದು ಹೇಗೆ ಅನ್ನುವುದು ತಾನಾಗಿ ಕಾಣುವುದಿಲ್ಲ. ಪ್ರತಿ ಜಾಗದಲ್ಲೂ ಮಕ್ಕಳು ಈ ಮೂರು ಪ್ರಶ್ನೆಗಳನ್ನೇ ಕೇಳಲಿ. ಬೇರೆ ವರ್ಕ್‌ಶೀಟ್ ಏನೂ ಬೇಡ.

ಹೊರಡುವ ಮುಂಚಿನ ವಾರ ಒಂದು ತರಗತಿ ಇಟ್ಟುಕೊಳ್ಳಿ. ಈ ಕೊಲ್ಲಿಯ ದಡದಲ್ಲಿ ಸಾವಿರಾರು ವರ್ಷಗಳಿಂದ ಓಲೋನಿ ಜನ ಇದ್ದರು, ಏಂಜಲ್ ಐಲೆಂಡ್ ಕೋಸ್ಟ್ ಮಿವಾಕ್ ಜನರದಾಗಿತ್ತು ಅನ್ನುವುದರಿಂದ ಶುರು ಮಾಡಿ. 1776ರಲ್ಲಿ ಸ್ಪೇನಿನವರು ಮಿಷನ್ ಡೊಲೊರೆಸ್ ಕಟ್ಟಿದರು. 1848ರಲ್ಲಿ ಚಿನ್ನ ಸಿಕ್ಕಿತು, ಜಗತ್ತಿನ ಹಡಗುಗಳೆಲ್ಲ ಇತ್ತ ತಿರುಗಿದವು. ಚೀನಾದ ಗ್ವಾಂಗ್‌ಡಾಂಗ್ ಕಡೆಯಿಂದ ಬಂದವರು ಗಣಿಯಲ್ಲಿ ದುಡಿದರು, 1869ರಲ್ಲಿ ಮುಗಿದ ಖಂಡದ ಉದ್ದದ ರೈಲುದಾರಿಗೆ ಸಿಯೆರಾ ಬೆಟ್ಟ ಕೊರೆದರು. ಕೆಲಸ ಮುಗಿಯಿತು, ಆರ್ಥಿಕತೆ ಕುಸಿಯಿತು, ಚೀನೀಯರು ನಮ್ಮ ಕೂಲಿ ಕಿತ್ತುಕೊಳ್ಳುತ್ತಿದ್ದಾರೆ ಅಂತ ಗದ್ದಲ ಎದ್ದಿತು. 1882ರಲ್ಲಿ ಚೀನೀ ಕೂಲಿಕಾರರು ಒಳಗೆ ಬರಬಾರದು ಅನ್ನುವ ಕಾನೂನೇ ಆಯಿತು. ಒಂದು ದೇಶದ ಹೆಸರು ಹಿಡಿದು ಅಮೆರಿಕ ಬಾಗಿಲು ಹಾಕಿದ್ದು ಅದೇ ಮೊದಲು. ಅದು ರದ್ದಾದದ್ದು 1943ರಲ್ಲಿ. ಆಗಲೂ ಕೊಟ್ಟದ್ದು ವರ್ಷಕ್ಕೆ 105 ಜನರ ಕೋಟಾ. ಇಷ್ಟು ತಿಳಿದಿದ್ದರೆ ದ್ವೀಪದ ಮೇಲೆ ಕಾಲಿಟ್ಟಾಗ ಮಕ್ಕಳಿಗೆ ಗೋಡೆಗಳು ಮಾತಾಡುತ್ತವೆ.

ಏಂಜಲ್ ಐಲೆಂಡ್‌ಗೆ ಸ್ಯಾನ್ ಫ್ರಾನ್ಸಿಸ್ಕೊದಿಂದಲೂ ಟಿಬುರಾನ್‌ನಿಂದಲೂ ಫೆರ್ರಿ ಇದೆ. ನ್ಯೂಯಾರ್ಕಿನ ವಲಸೆ ಠಾಣೆ ಎಲ್ಲಿಸ್ ಐಲೆಂಡ್ ಮಕ್ಕಳಿಗೆ ಗೊತ್ತಿರುತ್ತದೆ. ಪಶ್ಚಿಮದ ಈ ಬಾಗಿಲು ಮನೆಯ ಹಿಂದೆಯೇ ಇದ್ದರೂ ಗೊತ್ತಿರುವುದಿಲ್ಲ. 1910ರಿಂದ 1940ರವರೆಗೆ ಸುಮಾರು 80 ದೇಶಗಳ 5 ಲಕ್ಷದಷ್ಟು ಜನ ಈ ವಲಸೆ ಠಾಣೆಯ ಲೆಕ್ಕಕ್ಕೆ ಬಂದರು. ಯೂರೋಪಿನವರು, ಮೊದಲ ದರ್ಜೆಯ ಟಿಕೆಟಿನವರು ಹೆಚ್ಚಾಗಿ ಹಡಗಿನಲ್ಲೇ ಕಾಗದ ತೋರಿಸಿ ಊರಿಗೆ ಇಳಿದರು. ಏಷ್ಯಾದವರನ್ನು ದೋಣಿಯಲ್ಲಿ ಇಲ್ಲಿಗೆ ತಂದು ಬೀಗ ಹಾಕಿದರು. ಕೆಲವರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಕಾದರು.

ಇಲ್ಲಿ 1906ರ ಏಪ್ರಿಲ್ 18ರ ಭೂಕಂಪದ ಕಥೆ ಹೇಳಲೇಬೇಕು. ಆಗ ಹತ್ತಿದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ಸುಟ್ಟುಹೋದವು. "ನಾನು ಇಲ್ಲೇ ಹುಟ್ಟಿದವನು" ಅಂತ ಒಬ್ಬ ಚೀನೀ ವ್ಯಕ್ತಿ ಹೇಳಿದರೆ ಸುಳ್ಳು ಅಂತ ಸಾಬೀತು ಮಾಡುವುದಕ್ಕೆ ಕಾಗದವೇ ಇಲ್ಲ. ಇಲ್ಲಿ ಹುಟ್ಟಿದವನು ಪ್ರಜೆ. ಪ್ರಜೆಯ ಮಕ್ಕಳು ಒಳಗೆ ಬರಬಹುದು. ಹಾಗಾಗಿ ಚೀನಾದ ಊರಿನಲ್ಲಿ ಇಂತಿಷ್ಟು ಮಕ್ಕಳಿದ್ದಾರೆ ಅಂತ ಬರೆಸಿ, ಆ ಹೆಸರಿನಲ್ಲಿ ನೆಂಟರನ್ನೋ ಹಣ ಕೊಟ್ಟವರನ್ನೋ ಕರೆತರುವ ದಾರಿ ಹುಟ್ಟಿತು. ಇವರನ್ನೇ ಪೇಪರ್ ಸನ್, ಅಂದರೆ ಕಾಗದದ ಮೇಲಷ್ಟೇ ಮಗ, ಅನ್ನುತ್ತಿದ್ದರು. ಅಧಿಕಾರಿಗಳಿಗೂ ಇದು ಗೊತ್ತಿತ್ತು. ಅದಕ್ಕೇ ವಿಚಾರಣೆ ಅಷ್ಟು ಕಠಿಣ. ನಿಮ್ಮ ಊರ ಮನೆಗೆ ಎಷ್ಟು ಮೆಟ್ಟಿಲು? ಬಾಗಿಲು ಯಾವ ದಿಕ್ಕಿಗಿದೆ? ಅಕ್ಕಿ ಎಲ್ಲಿಡುತ್ತಾರೆ? ಸಾಲಿನಲ್ಲಿ ಮೂರನೇ ಮನೆ ಯಾರದು? ಇದೇ ಪ್ರಶ್ನೆಗಳನ್ನು ಅಮೆರಿಕದಲ್ಲಿರುವ 'ಅಪ್ಪ'ನಿಗೂ ಬೇರೆಯಾಗಿ ಕೇಳುತ್ತಿದ್ದರು. ಉತ್ತರ ಹೊಂದದಿದ್ದರೆ ವಾಪಸ್ ಹಡಗು. ಜನ ಉತ್ತರಗಳ ಪುಸ್ತಕವನ್ನೇ ಬಾಯಿಪಾಠ ಮಾಡಿ, ದಡ ಕಾಣುವ ಮೊದಲು ಅದನ್ನು ಸಮುದ್ರಕ್ಕೆ ಎಸೆಯುತ್ತಿದ್ದರು.

ಇದನ್ನು ಅಲ್ಲೇ ಮಾಡಿ ತೋರಿಸಿ. ಜೊತೆಗೆ ಬಂದಿರುವ ಅಣ್ಣ ತಂಗಿಯನ್ನೋ, ಅಮ್ಮ ಮಗನನ್ನೋ ಬೇರೆ ಬೇರೆ ಕೂರಿಸಿ. ಊರಿನಲ್ಲಿರುವ ಅಜ್ಜಿ ಮನೆಯ ಬಗ್ಗೆ ಹತ್ತು ಪ್ರಶ್ನೆ ಕೇಳಿ, ಉತ್ತರ ಬರೆಸಿ, ಆಮೇಲೆ ಎಲ್ಲರೆದುರು ಓದಿ. ಜಗಲಿಗೆ ಎಷ್ಟು ಮೆಟ್ಟಿಲು ಅನ್ನುವಲ್ಲೇ ಇಬ್ಬರ ಉತ್ತರ ತಪ್ಪಿಹೋಗುತ್ತದೆ. ನಿಜ ಹೇಳುವವರೂ ಸಿಕ್ಕಿಬೀಳುತ್ತಾರೆ ಅನ್ನುವುದು ಮಕ್ಕಳಿಗೆ ಆಗ ಅರ್ಥವಾಗುತ್ತದೆ. ಹತ್ತು ಪುಟದ ಪಾಠ ಮಾಡದ ಕೆಲಸವನ್ನು ಈ ಹತ್ತು ಪ್ರಶ್ನೆ ಮಾಡುತ್ತವೆ.

ಆಮೇಲೆ ಬ್ಯಾರಕ್‌ನ ಒಳಗೆ ಹೋಗಿ. ಮರದ ಗೋಡೆಯ ಮೇಲೆ ಬಂಧಿತರು ಕೆತ್ತಿದ ಚೀನೀ ಕವಿತೆಗಳಿವೆ. ಇದುವರೆಗೆ 200ಕ್ಕೂ ಹೆಚ್ಚು ಸಿಕ್ಕಿವೆ. ಹಳೆಯ ಛಂದಸ್ಸಿನಲ್ಲಿ, ಅಕ್ಷರ ಲೆಕ್ಕ ಹಾಕಿ ಬರೆದ ಸಾಲುಗಳು. ಅಧಿಕಾರಿಗಳು ಪುಟ್ಟಿ ತುಂಬಿಸಿ ಬಣ್ಣ ಬಳಿಸಿದರು. ಜನ ಮತ್ತೆ ಕೆತ್ತಿದರು. ಆ ಬಣ್ಣವೇ ಮರವನ್ನು ಕಾಪಾಡಿತು. 1970ರಲ್ಲಿ, ಕಟ್ಟಡ ಕೆಡವಬೇಕೆಂದಿದ್ದ ಹೊತ್ತಿಗೆ, ಅಲೆಕ್ಸಾಂಡರ್ ವೈಸ್ ಅನ್ನುವ ಪಾರ್ಕ್ ರೇಂಜರ್ ಟಾರ್ಚ್ ಬೆಳಕಿನಲ್ಲಿ ಅವನ್ನು ಕಂಡು ಸುದ್ದಿ ಮುಟ್ಟಿಸಿದರು. ಏಷ್ಯನ್ ಅಮೆರಿಕನ್ ಸಮುದಾಯ ಹೋರಾಡಿ ಕಟ್ಟಡ ಉಳಿಸಿಕೊಂಡಿತು. ಗೋಡೆಯಲ್ಲಿ ಪಂಜಾಬಿ, ಜಪಾನಿ, ರಷ್ಯನ್ ಬರಹಗಳೂ ಇವೆ. ಹೆಂಗಸರ ಕವಿತೆ ಏಕಿಲ್ಲ ಅಂತ ಯಾರಾದರೂ ಹುಡುಗಿ ಕೇಳಬಹುದು, ಕೇಳದಿದ್ದರೆ ನೀವೇ ಎತ್ತಿ. ಹೆಂಗಸರನ್ನು ಇಟ್ಟಿದ್ದು ಆಡಳಿತ ಕಟ್ಟಡದಲ್ಲಿ. ಅದು 1940ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅವರು ಗೋಡೆಯ ಮೇಲೆ ಬರೆದದ್ದೂ ಅದರ ಜೊತೆಗೇ ಹೋಯಿತು.

ಇಲ್ಲಿ ಅವಸರ ಬೇಡ. ಮಾರ್ಗದರ್ಶಕರ ಜೊತೆ ನೋಡುವುದಕ್ಕೆ ಮೊದಲೇ ಬುಕ್ ಮಾಡಬೇಕು. ಮ್ಯೂಸಿಯಂ ಮುಚ್ಚಿರುವ ದಿನಗಳೂ ಇರುತ್ತವೆ. ಫೆರ್ರಿ ಇಳಿಯುವ ಅಯಾಲ ಕೋವ್‌ನಿಂದ ಠಾಣೆಗೆ ಒಂದೂವರೆ ಮೈಲಿ ನಡಿಗೆ, ಶುರುವಿನಲ್ಲೇ ಏರು ಇದೆ. ನಡೆಯಲು ಕಷ್ಟ ಇರುವ ಮಕ್ಕಳಿದ್ದರೆ ಏನು ವ್ಯವಸ್ಥೆ ಇದೆ ಅಂತ ಬುಕ್ ಮಾಡುವಾಗಲೇ ಕೇಳಿ. ನೀರು, ಊಟ, ಗಾಳಿ ತಡೆಯುವ ಜಾಕೆಟ್ ಜೊತೆಗಿರಲಿ. ಕೊನೆಯ ಫೆರ್ರಿ ತಪ್ಪಿದರೆ ಪರದಾಡಬೇಕಾಗುತ್ತದೆ. ಅದಕ್ಕಿಂತ ಹಿಂದಿನದಕ್ಕೇ ಹೊರಡುವ ಹಾಗೆ ಲೆಕ್ಕ ಹಾಕಿ. ಗೋಲ್ಡನ್ ಗೇಟ್, ಅಲ್ಕಟ್ರಾಜ್ ಬೇಕೇ ಬೇಕು ಅನ್ನುವ ಪೋಷಕರಿಗೆ ಉತ್ತರ ಸುಲಭ. ಸ್ಯಾನ್ ಫ್ರಾನ್ಸಿಸ್ಕೊದ ಫೆರ್ರಿ ಹಿಡಿದರೆ ಎರಡೂ ನೀರಿನ ಮೇಲಿಂದಲೇ ಕಾಣುತ್ತವೆ.

ಚೈನಾಟೌನ್‌ಗೆ ಬೆಳಿಗ್ಗೆ ಹೋಗಿ, ಅಂಗಡಿಗಳ ಗಲಾಟೆ ಶುರುವಾಗುವ ಮೊದಲು. ಗ್ರಾಂಟ್ ಅವೆನ್ಯೂ ಮತ್ತು ಕ್ಯಾಲಿಫೋರ್ನಿಯಾ ಸ್ಟ್ರೀಟ್ ಸೇರುವ ಮೂಲೆಯಲ್ಲಿ ನಿಂತು ಸಿಂಗ್ ಚಾಂಗ್ ಕಟ್ಟಡದ ಸೂರು ತೋರಿಸಿ. ಮೇಲಕ್ಕೆ ಬಾಗಿದ ಅಂಚು, ಪಗೋಡ ಆಕಾರ. ಇದು ಚೀನಾದಿಂದ ತಂದ ಹಳೆಯ ಶೈಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಭೂಕಂಪಕ್ಕೆ ಮುಂಚೆ ಈ ಬಡಾವಣೆ ಊರಿನ ಉಳಿದ ಭಾಗದ ಹಾಗೇ ಇತ್ತು. ಎಲ್ಲಾ ಸುಟ್ಟುಹೋದಾಗ, ಚೀನೀಯರನ್ನು ಊರಿನ ದಕ್ಷಿಣದ ತುದಿಗೆ, ಹಂಟರ್ಸ್ ಪಾಯಿಂಟ್‌ಗೆ ಸಾಗಿಸೋಣ ಅಂತ ನಗರದ ಮುಖಂಡರು ಹೊರಟರು. ಆಗ ಲುಕ್ ಟಿನ್ ಎಲಿಯಂಥ ವ್ಯಾಪಾರಿಗಳು ಬಿಳಿಯ ವಾಸ್ತುಶಿಲ್ಪಿಗಳನ್ನೇ ಕರೆಸಿ, ಪ್ರವಾಸಿಗರ ಕಣ್ಣಿಗೆ 'ಚೀನಾ' ಅನ್ನಿಸುವ ಹಾಗೆ ಕಟ್ಟಿಸಿದರು. ನೋಡಲು ಜನ ಬಂದರೆ ಊರಿಗೆ ಲಾಭ, ಲಾಭ ಬಂದರೆ ಯಾರೂ ಎಬ್ಬಿಸುವುದಿಲ್ಲ ಅನ್ನುವ ಲೆಕ್ಕ. ಲೆಕ್ಕ ಸರಿಯಾಯಿತು. ಮಕ್ಕಳು ಫೋಟೊ ತೆಗೆಯುವ ಆ ಚೆಂದದ ಸೂರು, ಜಾಗ ಉಳಿಸಿಕೊಳ್ಳಲು ಹೂಡಿದ ಉಪಾಯ.

ಅಲ್ಲಿಂದ ವೇವರ್ಲಿ ಪ್ಲೇಸ್‌ನ ಟಿನ್ ಹೌ ದೇವಸ್ಥಾನಕ್ಕೆ. ಕಡಲ ದೇವತೆಯ ಗುಡಿ ಇದು. ಸಮುದ್ರ ದಾಟಿ ಬಂದವರು ಮೊದಲು ಹರಕೆ ತೀರಿಸಿದ್ದು ಯಾರಿಗೆ ಅಂತ ಬೇರೆ ಹೇಳಬೇಕಾಗಿಲ್ಲ. ಮೇಲಿನ ಮಹಡಿಗೆ ಮೆಟ್ಟಿಲು ಹತ್ತಬೇಕು, ಒಳಗೆ ಫೋಟೊ ಬೇಡ. ಪೂಜೆ ನಡೆಯುವ ಜಾಗ, ಚಿಕ್ಕ ಚಿಕ್ಕ ಗುಂಪಾಗಿ ಹೋಗಿ.

ಇಲ್ಲಿ ಹೇಳಬೇಕಾದ ಎರಡು ಕಥೆಗಳಿವೆ. ಎರಡೂ ಇದೇ ಊರಿನಲ್ಲಿ ಹುಟ್ಟಿದವರದು. ಮೇಮಿ ಟೇಪ್ ಎಂಟು ವರ್ಷದ ಹುಡುಗಿ. ಚೀನೀ ಮೂಲದವಳು ಅಂತ ಸ್ಪ್ರಿಂಗ್ ವ್ಯಾಲಿ ಶಾಲೆ ಸೇರಿಸಿಕೊಳ್ಳಲಿಲ್ಲ. ಅಪ್ಪ ಅಮ್ಮ ಕೋರ್ಟಿಗೆ ಹೋಗಿ 1885ರಲ್ಲಿ ಗೆದ್ದರು. ಅವಳು ಆ ಶಾಲೆಗೆ ಹೋಗಲಾಗಲಿಲ್ಲ ಮಾತ್ರ. ಚೀನೀ ಮಕ್ಕಳಿಗೆ ಬೇರೆ ಶಾಲೆ ಮಾಡಬಹುದು ಅಂತ ರಾಜ್ಯ ಕೂಡಲೇ ಕಾನೂನು ತಂದಿತು. ಇನ್ನೊಬ್ಬರು ವಾಂಗ್ ಕಿಮ್ ಆರ್ಕ್, ಅಡುಗೆ ಕೆಲಸದವರು. ಚೀನಾಕ್ಕೆ ಹೋಗಿ ಬಂದಾಗ "ನೀನು ಪ್ರಜೆಯಲ್ಲ" ಅಂತ ಹಡಗಿನಲ್ಲೇ ತಡೆದರು. 1898ರಲ್ಲಿ ಸುಪ್ರೀಂ ಕೋರ್ಟ್, ಈ ನೆಲದಲ್ಲಿ ಹುಟ್ಟಿದವನು ಈ ದೇಶದ ಪ್ರಜೆ ಅಂತ ತೀರ್ಪು ಕೊಟ್ಟಿತು. ನಿಮ್ಮ ತರಗತಿಯಲ್ಲಿ ಇಲ್ಲೇ ಹುಟ್ಟಿದ ಮಕ್ಕಳು ಎಷ್ಟೋ ಜನ ಇರುತ್ತಾರೆ ಅಲ್ವಾ? ಅವರ ಕೈಯಲ್ಲಿರುವ ಪಾಸ್‌ಪೋರ್ಟಿನ ಹಿಂದೆ ಈ ಅಡುಗೆಯವರ ಮೊಕದ್ದಮೆ ಇದೆ. ಇದನ್ನು ಯಾವ ಮಗುವೂ ಮರೆಯುವುದಿಲ್ಲ.

ಅಲ್ಲೇ ಹತ್ತಿರ, ಕರ್ನಿ ಮತ್ತು ಜ್ಯಾಕ್ಸನ್ ಬೀದಿಗಳು ಸೇರುವಲ್ಲಿ ಇಂಟರ್‌ನ್ಯಾಷನಲ್ ಹೋಟೆಲ್ ಇತ್ತು. ಫಿಲಿಪೀನ್ಸ್‌ನಿಂದ ಬಂದು ಹೊಲ, ಹಡಗು, ಹೋಟೆಲುಗಳಲ್ಲಿ ದುಡಿದ ಮುದುಕರು ಚಿಕ್ಕ ಚಿಕ್ಕ ಕೋಣೆಗಳಲ್ಲಿ ಅಲ್ಲಿದ್ದರು. ಬಹಳಷ್ಟು ಜನಕ್ಕೆ ಸಂಸಾರ ಇರಲಿಲ್ಲ. ಅವರ ಕಡೆಯ ಹೆಂಗಸರು ಬಂದಿದ್ದೇ ಕಮ್ಮಿ. ಬಿಳಿಯರನ್ನು ಮದುವೆಯಾಗುವುದನ್ನು ಕ್ಯಾಲಿಫೋರ್ನಿಯಾದ ಕಾನೂನು 1948ರವರೆಗೆ ಒಪ್ಪುತ್ತಿರಲಿಲ್ಲ. 1977ರ ಆಗಸ್ಟ್ 4ರ ನಸುಕಿನಲ್ಲಿ ಪೊಲೀಸರು ಅವರನ್ನು ಹೊರಹಾಕಿದರು. ತಡೆಯಲು ಸಾವಿರಾರು ಜನ ಕೈ ಕೈ ಹಿಡಿದು ಕಟ್ಟಡದ ಸುತ್ತ ನಿಂತಿದ್ದರು. ಕಟ್ಟಡ ಕೆಡವಿದ ಮೇಲೆ ಜಾಗ ವರ್ಷಾನುಗಟ್ಟಲೆ ಖಾಲಿ ಬಿದ್ದಿತ್ತು. ಈಗ ಅಲ್ಲಿ ಹೊಸ ಕಟ್ಟಡ ಇದೆ, ಮೇಲೆ ವಯಸ್ಸಾದವರಿಗೆ ಮನೆಗಳು, ಕೆಳಗೆ ಮನಿಲಾಟೌನ್‌ನ ನೆನಪಿನ ಕೇಂದ್ರ. ಹತ್ತು ನಿಮಿಷ ನಿಂತರೆ ಸಾಕು.

ಜಪಾನ್‌ಟೌನ್ ಬಿಟ್ಟು ಸ್ಯಾನ್ ಬ್ರೂನೊಗೆ ಕಳಿಸುತ್ತಿದ್ದೇನೆ ಅಂತ ಕೆಲವರಿಗೆ ಬೇಸರ ಆಗಬಹುದು. ಜಪಾನ್‌ಟೌನ್ ಚೆನ್ನಾಗಿದೆ, ಇನ್ನೊಂದು ದಿನ ಮನೆಯವರ ಜೊತೆ ಹೋಗಲಿ. ಸ್ಯಾನ್ ಬ್ರೂನೊದ ಬಾರ್ಟ್ ರೈಲು ನಿಲ್ದಾಣದ ಹೊರಗೇ ಟ್ಯಾನ್‌ಫೊರಾನ್ ಸ್ಮಾರಕ ಇದೆ. ಅಲ್ಲಿ ಕುದುರೆ ರೇಸ್ ಮೈದಾನ ಇತ್ತು. ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದಾಗ, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದ ಮೇಲೆ, ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿದರು. ಹೆಚ್ಚಿನವರು ಇಲ್ಲೇ ಹುಟ್ಟಿದ ಪ್ರಜೆಗಳು. ಈ ಕೊಲ್ಲಿಯ ಸುತ್ತಲಿನ ಸಾವಿರಾರು ಜನರನ್ನು ಮೊದಲು ಟ್ಯಾನ್‌ಫೊರಾನ್‌ನ ಕುದುರೆ ಲಾಯಗಳಲ್ಲಿ ಇಟ್ಟು, ಆಮೇಲೆ ಯೂಟಾದ ಟೋಪಾಜ್ ಶಿಬಿರಕ್ಕೆ ಸಾಗಿಸಿದರು. ಸ್ಮಾರಕದಲ್ಲಿ ಇಬ್ಬರು ಚಿಕ್ಕ ಹುಡುಗಿಯರ ಪ್ರತಿಮೆ ಇದೆ. ಡೊರೊಥಿಯಾ ಲ್ಯಾಂಗ್ ಹೇವರ್ಡ್‌ನಲ್ಲಿ ತೆಗೆದ ಮೊಚಿಡಾ ಕುಟುಂಬದ ಫೋಟೊ ನೋಡಿ ಮಾಡಿದ್ದು. ಕೋಟಿನ ಮೇಲೆ ಸಾಮಾನಿಗೆ ಕಟ್ಟುವಂಥ ಚೀಟಿ. ಹೇವರ್ಡ್ ನಿಮ್ಮ ಪಕ್ಕದ ಊರು. ಮಕ್ಕಳು ಅಲ್ಲಿಗೆ ಆಟದ ಪಂದ್ಯಕ್ಕೆ ಹೋಗಿರುತ್ತಾರೆ. ಚರಿತ್ರೆ ಎಷ್ಟು ಹತ್ತಿರದ್ದು ಅನ್ನುವುದನ್ನು ಬೇರೆ ವಿವರಿಸಬೇಕಾಗಿಲ್ಲ. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು ಅನ್ನುವುದನ್ನೂ ಹೇಳಿ. ಜನ ಪಟ್ಟುಹಿಡಿದು ಕೇಳಿದ್ದರಿಂದ ಸಿಕ್ಕ ಕ್ಷಮೆ ಅದು.

ಇನ್ನು ನಮ್ಮವರ ಕಥೆ. ಭಾರತೀಯರು ಅಂದರೆ ಸಾಫ್ಟ್‌ವೇರ್ ಕೆಲಸಕ್ಕೆ ವಿಮಾನದಲ್ಲಿ ಬಂದವರು ಅಂತಲೇ ಇಲ್ಲಿನ ಮಕ್ಕಳು ತಿಳಿದಿರುತ್ತಾರೆ. ಪಂಜಾಬಿನ ರೈತರು ನೂರು ವರ್ಷಕ್ಕೂ ಹಿಂದೆ ಬಂದು ಈ ರಾಜ್ಯದ ಹೊಲಗಳಲ್ಲಿ ದುಡಿದರು. 1912ರಲ್ಲಿ ಸ್ಟಾಕ್‌ಟನ್‌ನಲ್ಲಿ ಗುರುದ್ವಾರ ಸ್ಥಾಪಿಸಿದರು. 1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಭಾರತದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಗದರ್ ಪಕ್ಷದ ಪತ್ರಿಕೆ ಹೊರಟಿತು. ಏಂಜಲ್ ಐಲೆಂಡ್‌ನಲ್ಲಿ ಎಲ್ಲರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ವಾಪಸ್ ಕಳಿಸಿದ್ದು ಭಾರತದಿಂದ ಬಂದವರನ್ನೇ. ಗದರ್ ಸ್ಮಾರಕ ವುಡ್ ಸ್ಟ್ರೀಟ್‌ನಲ್ಲಿದೆ. ಮೊದಲೇ ಕೇಳಿಕೊಂಡು ಬಾಗಿಲು ತೆರೆಸುವ ಏರ್ಪಾಡು ಆದರೆ ಮಾತ್ರ ಸೇರಿಸಿ. ಹೊರಗಿನಿಂದ ನೋಡಿ ಬರುವುದಕ್ಕೆ ಅಷ್ಟು ದೂರ ಬೇಡ.

ನನ್ನ ಆಯ್ಕೆ ಕಲಾ ಬಾಗಾಯ್ ಅವರ ಕಥೆ. 1915ರಲ್ಲಿ ಗಂಡ ವೈಷ್ಣೋ ದಾಸ್, ಮೂವರು ಗಂಡುಮಕ್ಕಳ ಜೊತೆ ಅವರು ಏಂಜಲ್ ಐಲೆಂಡ್‌ಗೆ ಬಂದಿಳಿದರು. ಕೈಯಲ್ಲಿ 25,000 ಡಾಲರ್ ಇದ್ದದ್ದನ್ನು ನೋಡಿ ಅಧಿಕಾರಿಗಳು ಬೇಗ ಬಿಟ್ಟರು. ಭಾರತದ ಹೆಂಗಸು ಆ ಊರಿಗೆ ಎಷ್ಟು ಅಪರೂಪ ಅಂದರೆ, ಅವರ ಮೂಗುತಿಯೇ ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಯಲ್ಲಿ ಸುದ್ದಿಯಾಯಿತು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನಿನ ಜೊತೆ ಹೋದರೆ, ಒಳಗೆ ಬರಬಾರದು ಅಂತ ನೆರೆಯವರು ಬೀಗ ಹಾಕಿದ್ದರು. ವೈಷ್ಣೋ ದಾಸ್ 1921ರಲ್ಲಿ ಪ್ರಜೆಯಾದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಅಂದಿತು. ಕೊಟ್ಟ ಪೌರತ್ವವನ್ನೂ ಕಿತ್ತುಕೊಂಡರು. ಪ್ರಜೆಯಲ್ಲದ ಏಷ್ಯನ್ನರು ಜಮೀನು ಹೊಂದುವ ಹಾಗಿಲ್ಲ ಅನ್ನುವ ಕ್ಯಾಲಿಫೋರ್ನಿಯಾ ಕಾನೂನಿನಿಂದ ಆಸ್ತಿಯೂ ಹೋಯಿತು. 1928ರಲ್ಲಿ ವೈಷ್ಣೋ ದಾಸ್ ಜೀವ ಕಳೆದುಕೊಂಡರು, ಹೀಗಾಯಿತು ಅಂತ ಪತ್ರಿಕೆಗೆ ಪತ್ರ ಬರೆದಿಟ್ಟು. ಕಲಾ ಮಕ್ಕಳನ್ನು ಓದಿಸಿದರು. 1946ರ ಕಾನೂನು ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ ಮೇಲೆ ಪ್ರಜೆಯಾದರು, ಹೊಸದಾಗಿ ಬಂದ ಎಷ್ಟೋ ಜನಕ್ಕೆ ಆಸರೆಯಾದರು. 1983ರವರೆಗೆ ಬದುಕಿದ್ದರು. ಬೀಗ ಹಾಕಿಸಿಕೊಂಡ ಅದೇ ಬರ್ಕ್ಲಿಯಲ್ಲಿ, ಡೌನ್‌ಟೌನ್ ಬಾರ್ಟ್ ನಿಲ್ದಾಣದ ಹತ್ತಿರ, ಈಗ ಒಂದು ರಸ್ತೆಗೆ ಕಲಾ ಬಾಗಾಯ್ ವೇ ಅಂತ ಹೆಸರಿದೆ. ಸ್ಯಾನ್ ಬ್ರೂನೊದಿಂದ ಬಾರ್ಟ್‌ನಲ್ಲೇ ಬರಬಹುದು, ಅಲ್ಲಿಂದ ಫ್ರೀಮಾಂಟ್‌ಗೂ ಅದೇ ಬಾರ್ಟ್.

ನೋವಿನ ಸಂಗತಿ ಹೇಳಬಹುದೇ ಅಂತ ಕೇಳಿದ್ದೀರಿ. ಹೇಳಬೇಕು. ಹನ್ನೆರಡು ಹದಿಮೂರು ವಯಸ್ಸಿಗೆ ಅನ್ಯಾಯ ಅಂದರೇನು ಅಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ವೈಷ್ಣೋ ದಾಸ್ ಅವರ ಸಾವನ್ನು ಹೇಳುವ ಬಗೆ ಮುಖ್ಯ. ಆತ್ಮಹತ್ಯೆ ಅನ್ನುವುದನ್ನು ಮುಚ್ಚಿಡಬೇಡಿ, ಹೇಗೆ ಅನ್ನುವ ವಿವರಕ್ಕೆ ಹೋಗಬೇಡಿ. ತ್ಯಾಗ, ವೀರತನ ಅಂತೆಲ್ಲ ಹೊಗಳಬೇಡಿ. ಕಥೆಯನ್ನು ಅಲ್ಲಿಗೇ ನಿಲ್ಲಿಸದೆ ಕಲಾ ಅವರ ಮುಂದಿನ ಬದುಕಿನ ತನಕ ಹೇಳಿ. ಈ ವಿಷಯ ಬರುತ್ತದೆ ಅಂತ ಪೋಷಕರಿಗೆ ಮೊದಲೇ ತಿಳಿಸಿ. ಯಾವ ಮನೆಯಲ್ಲಿ ಏನು ನಡೆದಿದೆಯೋ ನಮಗೆ ಗೊತ್ತಿರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ನಿಮ್ಮ ಗುಂಪಿನ ಒಳಗೇ ಇದೆ. ಗ್ರೀನ್ ಕಾರ್ಡ್‌ಗೆ ವರ್ಷಾನುಗಟ್ಟಲೆ ಕಾಯುತ್ತಿರುವ ಮನೆಗಳ ಮಕ್ಕಳು ಅಲ್ಲಿರುತ್ತಾರೆ. ಎಚ್-4, ಅಂದರೆ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾದಲ್ಲಿರುವ ಮಗುವಿಗೆ 21 ತುಂಬಿದರೆ ಆ ವೀಸಾ ಮುಗಿಯುತ್ತದೆ ಅನ್ನುವ ಭಯ ಎಷ್ಟೋ ಮನೆಗಳಲ್ಲಿದೆ. ಹಾಗಾಗಿ "ನಿಮ್ಮ ಮನೆಯವರದು ಯಾವ ವೀಸಾ" ಅಂತ ಯಾವ ಆಟದಲ್ಲೂ, ಯಾವ ಚಟುವಟಿಕೆಯಲ್ಲೂ ಕೇಳಬೇಡಿ. ಜೊತೆಗೆ ಬರುವ ಪೋಷಕರಿಗೂ ಈ ಮಾತು ಹೇಳಿಡಿ. ಅಂದಿನ ಬಂಧನಕ್ಕೂ ಇಂದಿನ ಕಾಯುವಿಕೆಗೂ ನೀವಾಗಿ ತಳುಕು ಹಾಕಬೇಡಿ. ಎರಡೂ ಒಂದೇ ಅಲ್ಲ. ಯಾವುದಾದರೂ ಮಗು ತಾನಾಗಿ ಆ ಮಾತು ಎತ್ತಿದರೆ ಬಾಯಿ ಮುಚ್ಚಿಸಬೇಡಿ, ಕೂತು ಕೇಳಿ.

ಮಿಷನ್ ಬಡಾವಣೆಗೆ ಬೇರೆಯದೇ ದಿನ ಬೇಕು. ಅಲ್ಲಿನ ಬಾಮಿ ಆಲಿ ಅನ್ನುವ ಗಲ್ಲಿಯ ಭಿತ್ತಿಚಿತ್ರಗಳನ್ನು ನೋಡಬೇಕಾದರೆ 1980ರ ದಶಕದ ಮಧ್ಯ ಅಮೆರಿಕದ ಯುದ್ಧಗಳ ಬಗ್ಗೆ ಮೊದಲು ಒಂದು ತರಗತಿ ಮಾಡಬೇಕು. ಇಲ್ಲದಿದ್ದರೆ ಅದು ಬರೀ ಬಣ್ಣದ ಗೋಡೆ. ಮೂರನೇ ದಿನ ಏನಾದರೂ ಸಿಕ್ಕಿದರೆ ಸ್ಯಾನ್ ರಫೇಲ್ ಹತ್ತಿರದ ಚೈನಾ ಕ್ಯಾಂಪ್‌ಗೆ ಹೋಗಿ ಅಂತ ನಾನು ಹೇಳುತ್ತೇನೆ. 1880ರ ದಶಕದಲ್ಲಿ ಸುಮಾರು 500 ಜನರ ಚೀನೀ ಬೆಸ್ತರ ಹಳ್ಳಿ ಅದು. ಸೀಗಡಿ ಹಿಡಿದು, ಒಣಗಿಸಿ, ಚೀನಾಕ್ಕೇ ಕಳಿಸುತ್ತಿದ್ದರು. ಒಣ ಸೀಗಡಿಯ ರಫ್ತಿಗೆ ಮೊದಲು ತಡೆ ಬಂತು, ಆಮೇಲೆ ಅವರು ಬಳಸುತ್ತಿದ್ದ ಚೀಲದ ಬಲೆಗೇ ನಿಷೇಧ ಬಂತು. ಜನಾಂಗದ ಹೆಸರನ್ನೇ ಎತ್ತದೆ ಒಂದು ಊರನ್ನು ಖಾಲಿ ಮಾಡಿಸಬಹುದು ಅನ್ನುವುದು ಹತ್ತನೇ ತರಗತಿಯ ಮಕ್ಕಳು ಕೂತು ಚರ್ಚಿಸಬಹುದಾದ ವಿಷಯ.

ಪ್ರವಾಸ ಆದ ಮೇಲೆ ಪ್ರಬಂಧ ಬರೆಸಬೇಡಿ. ಮನೆಯಲ್ಲೋ ಪರಿಚಯದವರಲ್ಲೋ ಒಬ್ಬ ಹಿರಿಯರ ಮಾತನ್ನು ಕನ್ನಡದಲ್ಲಿ ರೆಕಾರ್ಡ್ ಮಾಡಿಕೊಂಡು ಬರಲಿ. ಈ ದೇಶದಲ್ಲಿ ಇಳಿದ ಮೊದಲ ದಿನ, ಮೊದಲ ಕೆಲಸ, ಮೊದಲ ಬಾಡಿಗೆ ಮನೆ. ವೀಸಾದ ವಿಷಯ ಅವರು ಹೇಳಿದರೆ ಹೇಳಲಿ, ಮಗು ಕೇಳುವುದು ಬೇಡ. 1965ರ ವಲಸೆ ಕಾನೂನು ಹಳೆಯ ದೇಶವಾರು ಕೋಟಾ ತೆಗೆದ ಮೇಲೆ ಮೊದಮೊದಲು ಬಂದ ಕನ್ನಡಿಗರಿಗೆ ಈಗ ವಯಸ್ಸಾಗಿದೆ. ಕೊಲ್ಲಿಯ ಸುತ್ತ ಇರುವ ಅಂಥವರನ್ನು ಹುಡುಕಿ, ಒಂದು ವಾರಾಂತ್ಯ ತರಗತಿಗೇ ಕರೆಸಿ. ಮಾತಿಗೆ ಕೂರುವ ಮೊದಲು ಅವರ ಅನುಮತಿ ಕೇಳಿ, ರೆಕಾರ್ಡಿಂಗ್‌ನ ಒಂದು ಪ್ರತಿ ಅವರ ಮನೆಯವರಿಗೂ ಕೊಡಿ.